ಕುಂಡಿಕೆಯ ನೀರು ಯಾವುದಕ್ಕೆ ಸಾಕ್ಷಿ?

ತುಲಾ ಸಂಕ್ರಮಣ ಹತ್ತಿರ ಬಂತೆಂದರೆ ಟಿ.ವಿ.ಯಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ‘ತಲಕಾವೇರಿಯ ಕುಂಡಿಕೆಯಲ್ಲಿ ಹೇಳಿದ ಗಳಿಗೆಗೆ ಸರಿಯಾಗಿ ತೀರ್ಥ ಉಕ್ಕುತ್ತದೆ, ಇದನ್ನು ಕಂಡೂ ದೇವರಿಲ್ಲ ಅನ್ನುವವರಿದ್ದಾರಲ್ಲ!’ ಎದುರಿಗೆ ಕೂತ ವಿಚಾರವಾದಿಗೆ ರೇಗುತ್ತದೆ, ಅದು ಅಂತರ್ಜಲದ ಗುಳ್ಳೆ ಎನ್ನುತ್ತಾರೆ. ಜಗಳ ಜೋರಾಗಿಯೇ ನಡೆಯುತ್ತದೆ. ಆದರೆ ನೀರು ಉಕ್ಕಿದ್ದು ಸಾಬೀತಾದರೆ ದೇವರು ಗೆದ್ದ, ಆಗದಿದ್ದರೆ ಸೋತ ಎಂಬಲ್ಲಿ ಇಬ್ಬರದೂ ಒಂದೇ ಮತ.

ಗಳಿಗೆಯ ಸಂಗತಿಯನ್ನೇ ನೋಡಿ. 2022ರಲ್ಲಿ ಅಕ್ಟೋಬರ್ 17ರ ಸಂಜೆ 7.21, ಮರುವರ್ಷ 18ರ ನಡುರಾತ್ರಿ ಕಳೆದು 1.27, 2024ರಲ್ಲಿ 17ರ ಬೆಳಿಗ್ಗೆ 7.40. ವರ್ಷಕ್ಕೆ ಆರು ಗಂಟೆ ಚಿಲ್ಲರೆ ಮುಂದೆ ಸರಿಯುತ್ತದೆ. 365 ದಿನ ಕಳೆದ ಮೇಲೂ ಉಳಿಯುವ ಸೂರ್ಯನ ಲೆಕ್ಕ ಅದು. ಸೂರ್ಯ ತುಲಾ ರಾಶಿಗೆ ಕಾಲಿಡುವ ಹೊತ್ತನ್ನು ಪಂಚಾಂಗದವರು ಮೊದಲೇ ಗುಣಿಸಿಡುತ್ತಾರೆ, ಬಂದೋಬಸ್ತು, ಬಸ್ಸು ಎಲ್ಲ ಅದರ ಮೇಲೆಯೇ ನಿಗದಿಯಾಗುತ್ತವೆ. ಇಷ್ಟು ಶಿಸ್ತಿನಿಂದ ವರ್ಷವರ್ಷವೂ ಬರುವುದನ್ನು ನಿಸರ್ಗನಿಯಮದ ಉಲ್ಲಂಘನೆ ಎನ್ನುವುದು ಕಷ್ಟ.

ಪವಾಡವೆಂದರೆ ನಿಯಮದ ಉಲ್ಲಂಘನೆ ಎಂಬ ವ್ಯಾಖ್ಯೆಯನ್ನು ಚಲಾವಣೆಗೆ ತಂದವರಲ್ಲಿ ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಮುಖ್ಯ. ಪವಾಡ ಕಂಡೆ ಎನ್ನುವವನ ಮಾತು ಸುಳ್ಳಾಗುವುದು ಆ ಪವಾಡಕ್ಕಿಂತ ದೊಡ್ಡ ಪವಾಡವಾದರೆ ಮಾತ್ರ ನಂಬಬಹುದು ಎಂದು 1748ರಲ್ಲಿ ಆತ ವಾದಿಸಿದ. ತರ್ಕ ಗಟ್ಟಿಯಾಗಿದೆ, ಆದರೂ ನನಗೆ ಹ್ಯೂಮ್ ಹಿಡಿಸುವುದಿಲ್ಲ. ಪವಾಡದ ಕಥೆಗಳು ಹೆಚ್ಚಾಗಿ ಅಜ್ಞಾನಿ, ಅನಾಗರಿಕ ಜನಾಂಗಗಳಲ್ಲೇ ಸಿಗುತ್ತವೆ ಎಂದು ಬರೆದ ಮನುಷ್ಯ ಆತ. ಚಳಿಗೆ ನೀರು ಹೆಪ್ಪುಗಟ್ಟುತ್ತದೆಂಬ ಮಾತನ್ನು ನಂಬದ ಭಾರತೀಯ ರಾಜಕುಮಾರನೊಬ್ಬನನ್ನೂ ಉದಾಹರಣೆಗೆ ತರುತ್ತಾನೆ. ರಾಜಕುಮಾರನ ತರ್ಕ ಸರಿಯಾಗಿತ್ತಂತೆ! ತರ್ಕ ಸರಿ, ತೀರ್ಮಾನ ತಪ್ಪು. ಕಂಡದ್ದರಾಚೆಗೆ ಲೋಕವೇ ಇಲ್ಲವೆನ್ನುವವನಿಗೆ ಹ್ಯೂಮ್ ಕೊಟ್ಟ ಪ್ರಶಸ್ತಿಪತ್ರ ಇದು.

ಆದರೆ ನನ್ನ ಮುಖ್ಯ ತಕರಾರು ಬೇರೆ. ‘ನಡೆಯಿತೇ?’ ಎಂಬುದು ಒಂದು ಪ್ರಶ್ನೆ, ‘ನಡೆಸಿದ್ದು ಯಾರು?’ ಎಂಬುದು ಇನ್ನೊಂದು. ಹ್ಯೂಮ್ ತನ್ನ ಬುದ್ಧಿಯನ್ನೆಲ್ಲ ಮೊದಲನೆಯದಕ್ಕೇ ಸುರಿದ. ರಾತ್ರಿ ನಾಯಿ ಬೊಗಳಿದರೆ ಅಂಗಳಕ್ಕೆ ಏನೋ ಬಂದಿದೆಯೆಂದು ಗೊತ್ತಾಗುತ್ತದೆ. ಬಂದದ್ದು ನೆಂಟರೋ ಕಾಡಾನೆಯೋ ಗೊತ್ತಾಗುವುದಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿ, ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದರು, ಉತ್ತರ ಬರಲಿಲ್ಲ. ಬಾಬಾ ಗಾಳಿಯಿಂದ ಉಂಗುರದ ಬದಲು ಕುಂಬಳಕಾಯಿ ತೆಗೆದು ತೋರಿಸಲಿ ಎಂಬ ನರಸಿಂಹಯ್ಯನವರ ಸವಾಲು ಈಗಲೂ ಜನರ ಬಾಯಲ್ಲಿದೆ. ಆ ಕುಂಬಳಕಾಯಿ ನಿಜಕ್ಕೂ ಬಂದಿತ್ತು ಅಂದುಕೊಳ್ಳಿ. ಆ ಹಟವಾದಿ ಭೌತಶಾಸ್ತ್ರಜ್ಞ ಎದ್ದು ಭಜನೆಗೆ ಕೂರುತ್ತಿದ್ದರೇ? ನಮಗೆ ತಿಳಿಯದ ಯಾವುದೋ ನಿಯಮ ಇಲ್ಲಿದೆ ಎಂದು ಹುಡುಕಲು ಹೊರಡುತ್ತಿದ್ದರು, ಅದು ಸರಿಯೂ ಆಗಿರುತ್ತಿತ್ತು. ಕುಂಬಳಕಾಯಿಯಿಂದ ಜಗತ್ತಿನ ಕರ್ತೃವಿನವರೆಗೆ, ಅಲ್ಲಿಂದ ನನ್ನ ಮೇಲೆ ಕರುಣೆಯಿಟ್ಟ ಒಬ್ಬನವರೆಗೆ ಹೋಗಲು ದಾರಿ ಬಹಳ ಉದ್ದವಿದೆ, ಅಷ್ಟು ದೂರಕ್ಕೆ ಒಂದು ಕುಂಬಳಕಾಯಿ ಸಾಲದು.

ಕೊಡಗಿನ ಹಿರಿಯರಿಗೆ ಇದು ಗೊತ್ತಿದೆ ಅನ್ನಿಸುತ್ತದೆ. ತುಲಾ ಸಂಕ್ರಮಣದ ಹಬ್ಬವಾದ ಕಾವೇರಿ ಚಂಗ್ರಾಂದಿಯ ಕಣಿ ಪೂಜೆಯಲ್ಲಿ ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಹೂವು ಮುಡಿಸಿ, ಪತ್ತಾಕ್ ಒಡವೆ ತೊಡಿಸಿ ಕಾವೇರಮ್ಮನೆಂದು ಕೂರಿಸುತ್ತಾರೆ. ಸೌತೆಕಾಯಿ ಎಲ್ಲಿಂದ ಬಂತೆಂದು ಮನೆಮಂದಿಗೆಲ್ಲ ಗೊತ್ತು. ಆದರೂ ಅಕ್ಕಿ ಹಾಕಿ ನಮಸ್ಕರಿಸುತ್ತಾರೆ. ತಲಕಾವೇರಿಯಿಂದ ತಂದ ತೀರ್ಥವನ್ನು ಮನೆಯಲ್ಲಿಟ್ಟುಕೊಂಡು ಕೊನೆಯುಸಿರಿನಲ್ಲಿರುವವರ ಬಾಯಿಗೆ ಬಿಡುವವರೂ ಅದರಿಂದ ಏನನ್ನೂ ರುಜುವಾತು ಮಾಡಲು ಹೊರಟಿಲ್ಲ. ಅವರಲ್ಲಿ ನಂಬಿಕೆ ಮೊದಲಿಂದಲೇ ಇದೆ, ತೀರ್ಥ ಆಮೇಲಿನದು. ಟಿ.ವಿ.ಯ ಭಕ್ತರು ಈ ಕ್ರಮವನ್ನು ತಿರುಗಿಸಿ, ತೀರ್ಥವನ್ನು ನ್ಯಾಯಾಲಯದ ಕಟಕಟೆಗೆ ಎಳೆದು ತಂದಿದ್ದಾರೆ.

ಕಟಕಟೆಗೆ ತಂದ ಮೇಲೆ ಪಾಟೀಸವಾಲೂ ಎದುರಿಸಬೇಕು. 2020ರ ಆಗಸ್ಟ್‌ ಮಳೆಯಲ್ಲಿ ಅದೇ ತಲಕಾವೇರಿಯ ಬೆಟ್ಟ ಕುಸಿದು ಪ್ರಧಾನ ಅರ್ಚಕರ ಮನೆ ಮಣ್ಣಿನಡಿ ಹೋಯಿತು, ಅವರೂ ಉಳಿಯಲಿಲ್ಲ. ಆ ಅಕ್ಟೋಬರಿನಲ್ಲಿಯೂ ಬೆಳಿಗ್ಗೆ 7.03ಕ್ಕೆ ತೀರ್ಥೋದ್ಭವವಾಯಿತು. ನಿಮಿಷ ತಪ್ಪದೆ ನೀರು ಕೊಡುವ ಕೈ ಬೆಟ್ಟವನ್ನು ಯಾಕೆ ತಡೆಯಲಿಲ್ಲ? ‘ಅದು ದೇವರ ಪರೀಕ್ಷೆ’ ಎನ್ನುವವರುಂಟು. ಉಳಿದರೆ ಪವಾಡ, ಸತ್ತರೆ ಪರೀಕ್ಷೆ ಎನ್ನುವುದಾದರೆ ಯಾವ ಘಟನೆಯೂ ದೇವರಿಗೆ ವಿರುದ್ಧವಾಗಲಾರದು, ಒಪ್ಪೋಣ. ಆದರೆ ಆಗ ಯಾವ ಘಟನೆಯೂ ದೇವರ ಪರವಾಗಿಯೂ ನಿಲ್ಲಲಾರದು, ಕುಂಡಿಕೆಯ ನೀರೂ ಸೇರಿ. ಪವಾಡದ ಸುದ್ದಿ ಕೇಳಿಯೂ ನಂಬಲಾಗದವರಲ್ಲಿ ಹೆಚ್ಚಿನವರು ಸಿಕ್ಕಿಬಿದ್ದಿರುವುದು ಇಲ್ಲಿ. ನೀರು ಉಕ್ಕಿದ್ದನ್ನು ಅವರು ಅಲ್ಲಗಳೆಯುತ್ತಿಲ್ಲ. ಬೆಟ್ಟದ ಬಗ್ಗೆ ಕೇಳುತ್ತಿದ್ದಾರೆ.