ಒಲೆಯೋ ಸಾಧನವೋ: ಬೋರ್ಗ್‌ಮನ್ ಎತ್ತಿದ ಪ್ರಶ್ನೆ ಮತ್ತು ಪೆಲೆಟ್ ಒಲೆ

ಪೆಲೆಟ್ ಒಲೆಯಲ್ಲಿ ಉರಿಯುವುದು ಮರವೇ. ಆದರೆ ಆ ಮರವನ್ನು ಮನೆಯವರಾರೂ ಕಡಿದಿರುವುದಿಲ್ಲ, ಸೀಳಿರುವುದಿಲ್ಲ, ಮಳೆಗಾಲಕ್ಕೆ ಮುಂಚೆ ಸೂರಿನಡಿ ಒಟ್ಟಿರುವುದಿಲ್ಲ. ಮರಮಿಲ್ಲುಗಳಲ್ಲಿ ಉಳಿಯುವ ಹೊಟ್ಟನ್ನು ಒಣಗಿಸಿ, ಉಕ್ಕಿನ ಅಚ್ಚಿನ ತೂತುಗಳಲ್ಲಿ ಭಾರಿ ಒತ್ತಡದಿಂದ ನೂಕಿದರೆ 6ರಿಂದ 8 ಮಿಲಿಮೀಟರ್ ದಪ್ಪದ ಗಟ್ಟಿ ತುಂಡುಗಳು ಹೊರಬರುತ್ತವೆ. ಅಂಟು ಬೇಕಿಲ್ಲ, ಒತ್ತಡದ ಕಾವಿಗೆ ಮರದೊಳಗಿನ ಲಿಗ್ನಿನ್ ಮೆತ್ತಗಾಗಿ, ಆರಿದ ಮೇಲೆ ತುಂಡನ್ನು ತಾನೇ ಹಿಡಿದಿಡುತ್ತದೆ. ಈ ಪೆಲೆಟ್ಟುಗಳ ಚೀಲವನ್ನು ಒಲೆಯ ತೊಟ್ಟಿಗೆ ಸುರಿದರೆ, ಮೋಟಾರಿನಿಂದ ತಿರುಗುವ ತಿರುಪು ಅವನ್ನು ಸ್ವಲ್ಪಸ್ವಲ್ಪವಾಗಿ ಉರಿಬಟ್ಟಲಿಗೆ ಬೀಳಿಸುತ್ತದೆ. ವಿದ್ಯುತ್ತಿನಿಂದ ಕಾಯುವ ಕಡ್ಡಿ ಹೊತ್ತಿಸುತ್ತದೆ, ಒಂದು ಫ್ಯಾನ್ ಉರಿಯನ್ನು ಊದುತ್ತದೆ, ಇನ್ನೊಂದು ಬಿಸಿಗಾಳಿಯನ್ನು ಕೋಣೆಗೆ ತಳ್ಳುತ್ತದೆ. ಎಷ್ಟು ಬಿಸಿ ಬೇಕೆಂಬುದನ್ನು ಗೋಡೆಯ ಥರ್ಮೋಸ್ಟಾಟ್ ನೋಡಿಕೊಳ್ಳುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1980ರ ದಶಕದ ಮೊದಲ ಭಾಗದಲ್ಲಿ ಮನೆಬಳಕೆಗೆ ಇಂಥ ಒಲೆಯನ್ನು ರೂಪಿಸಿದವರಲ್ಲಿ ಜೆರ್ರಿ ವಿಟ್‌ಫೀಲ್ಡ್ ಪ್ರಮುಖರು. ಅವರು ವಿಮಾನ ಎಂಜಿನಿಯರ್ ಆಗಿದ್ದವರು.

ಅದೇ ದಶಕದಲ್ಲಿ, ಅದೇ ವಾಯುವ್ಯ ಸೀಮೆಯ ಇನ್ನೊಂದು ರಾಜ್ಯವಾದ ಮೊಂಟಾನಾದಲ್ಲಿ, ಒಬ್ಬ ತತ್ತ್ವಜ್ಞಾನಿ ಸೌದೆ ಒಲೆಯನ್ನು ಮುಂದಿಟ್ಟುಕೊಂಡು ಆಧುನಿಕ ತಂತ್ರಜ್ಞಾನವನ್ನು ವಿಚಾರಿಸಿದರು. ಆಲ್ಬರ್ಟ್ ಬೋರ್ಗ್‌ಮನ್ (1937–2023) ಜರ್ಮನಿಯ ಫ್ರೈಬುರ್ಗ್‌ನಲ್ಲಿ ಹುಟ್ಟಿ, ಮಿಸೂಲಾ ಪಟ್ಟಣದಲ್ಲಿರುವ ಮೊಂಟಾನಾ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಪಾಠ ಹೇಳಿದವರು. 1984ರಲ್ಲಿ ಬಂದ ‘ಟೆಕ್ನಾಲಜಿ ಅಂಡ್ ದಿ ಕ್ಯಾರೆಕ್ಟರ್ ಆಫ್ ಕಾಂಟೆಂಪರರಿ ಲೈಫ್’ ಅವರ ಮುಖ್ಯ ಕೃತಿ. ಅವರು ಕೇಳಿದ್ದು ಸರಳವಾದ ಪ್ರಶ್ನೆ: ಮನೆಗೆ ಬೇಕಾದದ್ದು ಬಿಸಿ ಮಾತ್ರವೇ ಆಗಿದ್ದರೆ, ಅದನ್ನು ಯಾವುದರಿಂದ ಪಡೆದರೇನು?

ಬೋರ್ಗ್‌ಮನ್ನರ ಉತ್ತರ ‘ವಸ್ತು’ ಮತ್ತು ‘ಸಾಧನ’ಗಳ ಭೇದದ ಮೇಲೆ ನಿಂತಿದೆ. ಸೌದೆ ಒಲೆ ಒಂದು ವಸ್ತು. ಅದನ್ನು ಅದರ ಸುತ್ತಲಿನ ಬದುಕಿನಿಂದ ಬಿಡಿಸಿ ತೆಗೆಯಲಾಗದು. ತಂದೆ ಮರ ಕಡಿಯುತ್ತಾನೆ, ಮಕ್ಕಳು ಸೌದೆ ತುಂಬಿಡುತ್ತಾರೆ, ತಾಯಿ ಬೆಳಗ್ಗೆ ಬೆಂಕಿ ಹೊತ್ತಿಸುತ್ತಾಳೆ. ಮನೆಯಲ್ಲಿ ಬೆಚ್ಚಗಿರುವ ಜಾಗ ಒಂದೇ ಆದ್ದರಿಂದ ಎಲ್ಲರೂ ಅಲ್ಲಿಗೇ ಬಂದು ಕೂರುತ್ತಾರೆ. ಋತುವಿನ ಅರಿವು, ಮೈಯ ಕಸುಬು, ಮನೆಯೊಳಗಿನ ಹಂಚಿಕೆ ಎಲ್ಲವೂ ಒಲೆಯ ಜೊತೆಗೇ ಬರುತ್ತವೆ, ಬಿಸಿ ಅವುಗಳಲ್ಲೊಂದು. ನೆಲಮಾಳಿಗೆಯ ಬಾಯ್ಲರಿನಿಂದ ಕೋಣೆಕೋಣೆಗೂ ಶಾಖ ಹರಿಸುವ ವ್ಯವಸ್ಥೆ ಹಾಗಲ್ಲ. ಅದು ಸಾಧನ. ಅದರಲ್ಲಿ ಎರಡು ಪಾಲು: ಕಣ್ಣಿಗೆ ಬೀಳದ ಯಂತ್ರ ಒಂದು, ಬಳಕೆದಾರನಿಗೆ ದಕ್ಕುವ ಸರಕು ಇನ್ನೊಂದು. ಸರಕು ತಕ್ಷಣ, ಎಲ್ಲೆಡೆ, ಅಪಾಯವಿಲ್ಲದೆ, ಸಲೀಸಾಗಿ ಸಿಗಬೇಕು. ಯಂತ್ರ ಆದಷ್ಟೂ ಮರೆಯಾಗಬೇಕು. ಬಿಸಿ ಉಳಿದು ಒಲೆ ಮಾಯವಾಗುವುದೇ ಇದರ ಗುರಿ. ದೀಪ, ಸಂಗೀತ, ಊಟ, ಎಲ್ಲವೂ ಇದೇ ಹಾದಿ ಹಿಡಿದಿವೆ ಎಂಬುದು ಅವರ ವಾದ.

ಈ ಕೊರಗು ಬೋರ್ಗ್‌ಮನ್ನರಿಂದ ಶುರುವಾದದ್ದಲ್ಲ, ಆಗ ದೂರಿಗೆ ಗುರಿಯಾದ ಯಂತ್ರ ಮಾತ್ರ ಬೇರೆ. ಹತ್ತೊಂಬತ್ತನೆಯ ಶತಮಾನದ ನ್ಯೂ ಇಂಗ್ಲೆಂಡಿನಲ್ಲಿ ತೆರೆದ ಅಗ್ಗಿಷ್ಟಿಕೆಯ ಜಾಗಕ್ಕೆ ಮುಚ್ಚಿದ ಕಬ್ಬಿಣದ ಒಲೆ ಬಂದಾಗ ಲೇಖಕ ನಥಾನಿಯಲ್ ಹಾಥಾರ್ನ್ 1843ರ ‘ಫೈರ್ ವರ್ಶಿಪ್’ ಪ್ರಬಂಧದಲ್ಲಿ ಅದನ್ನು ಮನೆಗೆ ಒದಗಿದ ನಷ್ಟವೆಂದೇ ಬರೆದ. ಇನ್ನೊಬ್ಬ ಲೇಖಕ ಹೆನ್ರಿ ಡೇವಿಡ್ ಥೋರೋ, ತಾನು ವಾಸವಿದ್ದ ವಾಲ್ಡನ್ ಕೊಳದ ಬಳಿಯ ಎರಡನೆಯ ಚಳಿಗಾಲದಲ್ಲಿ ಸೌದೆ ಉಳಿಸಲೆಂದು ಸಣ್ಣ ಅಡುಗೆ ಒಲೆಗೆ ಬದಲಾಯಿಸಿಕೊಂಡು, ಬೆಂಕಿಯ ಮುಖ ಕಾಣದೆ ಜೊತೆಗಾರನನ್ನೇ ಕಳೆದುಕೊಂಡಂತಾಯಿತು ಎಂಬರ್ಥದ ಮಾತು ಬರೆದಿದ್ದಾನೆ. ಹಾಥಾರ್ನ್‌ಗೆ ಯಾವುದು ಒಲೆಯ ಸಾವಾಗಿತ್ತೋ, ಅದೇ ಕಬ್ಬಿಣದ ಪೆಟ್ಟಿಗೆ ನೂರನಲವತ್ತು ವರ್ಷಗಳ ಬಳಿಕ ಬೋರ್ಗ್‌ಮನ್ನರಿಗೆ ಒಲೆಯ ಮಾದರಿಯಾಯಿತು. ಹಾಗಾಗಿ ವಸ್ತು ಮತ್ತು ಸಾಧನಗಳ ನಡುವಿನ ಗೆರೆ ವಸ್ತುವಿನ ಸ್ವಭಾವದಲ್ಲಿದೆಯೋ, ನೋಡುವವನ ಕಾಲದಲ್ಲಿದೆಯೋ ಎಂಬ ಸಂಶಯಕ್ಕೆ ದಾರಿಯಿದೆ.

ಪೆಲೆಟ್ ಒಲೆ ಈ ಸಂಶಯವನ್ನು ಬಿಗಿಗೊಳಿಸುತ್ತದೆ, ಏಕೆಂದರೆ ಅದು ಎರಡು ಪಂಗಡಗಳಲ್ಲೂ ಕಾಲಿಟ್ಟಿದೆ. ಗಾಜಿನ ಹಿಂದೆ ಉರಿ ಕಾಣುತ್ತದೆ. ಚೀಲ ಹೊರಬೇಕು, ಬೂದಿ ತೆಗೆಯಬೇಕು. ಕೋಣೆಯಲ್ಲಿ ಅದಕ್ಕೊಂದು ಸ್ಥಳವಿದೆ. ಇಷ್ಟು ವಸ್ತುವಿನ ಲಕ್ಷಣ. ಹೊತ್ತಿಸುವುದು, ಊದುವುದು, ಕೆಂಡ ಕೆದಕುವುದು, ಆರದಂತೆ ಕಾಯುವುದು ಮಾತ್ರ ಯಂತ್ರದ ಪಾಲು. ಸೌದೆ ಒಲೆ ನಡೆಸುವವನಿಗೆ ಯಾವ ಮರ ಬೇಗ ಹತ್ತುತ್ತದೆ, ಯಾವುದು ನಿಧಾನ ಉರಿಯುತ್ತದೆ ಎಂಬುದು ಗೊತ್ತಿರಬೇಕು. ಆಗತಾನೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು, ಅದು ಶೇ. 20ಕ್ಕೆ ಇಳಿಯುವವರೆಗೆ ಕಾಯಬೇಕು. ಪೆಲೆಟ್ಟಿನಲ್ಲಿ ಆ ಜ್ಞಾನ ಕಾರ್ಖಾನೆಗೆ ಹೋಗಿದೆ. ಯುರೋಪಿನ ಮೊದಲ ದರ್ಜೆಯ ಪೆಲೆಟ್ಟಿನಲ್ಲಿ ತೇವ ಶೇ. 10ನ್ನು, ಬೂದಿ ಶೇ. 0.7ನ್ನು ಮೀರುವಂತಿಲ್ಲ, ಚೀಲದ ಮೇಲಿನ ಮುದ್ರೆ ನೋಡಿದರೆ ಸಾಕು, ಮರದ ಗುಣ ತಿಳಿಯಬೇಕಿಲ್ಲ.

ಹಾಗೆಂದು ಪೆಲೆಟ್ ಒಲೆಗಳೆಲ್ಲ ಒಂದೇ ಅಲ್ಲ. ತತ್ತ್ವದ ಪ್ರಶ್ನೆ ಕಾವೇರುವುದು ಅವನ್ನೇ ಒಂದರ ಪಕ್ಕ ಒಂದಿಟ್ಟು ನೋಡಿದಾಗ. ಒಂದು ತುದಿಯಲ್ಲಿ ವಿದ್ಯುತ್ ಬೇಡದ ಒಲೆಗಳಿವೆ: ಪೆಲೆಟ್ಟುಗಳು ತಮ್ಮ ಭಾರಕ್ಕೆ ತಾವೇ ಜಾರಿ ಇಳಿಯುತ್ತವೆ, ಗಾಳಿ ಚಿಮಣಿಯ ಸೆಳೆತದಿಂದ ಬರುತ್ತದೆ, ಹೊತ್ತಿಸುವುದು ಕೈಯಿಂದ. ನಡುವೆ ಸಾಮಾನ್ಯ ಕೋಣೆ ಒಲೆ. ಇದು ಕರೆಂಟ್ ಹೋದರೆ ಆರುತ್ತದೆ. ಹಿಮಗಾಳಿಗೆ ತಂತಿ ಹರಿದ ರಾತ್ರಿ, ಬಿಸಿ ಬೇಕೇ ಬೇಕಾದ ಹೊತ್ತಿಗೆ, ತೊಟ್ಟಿ ತುಂಬ ಪೆಲೆಟ್ ಇದ್ದೂ ಮನೆ ತಣ್ಣಗಾಗುತ್ತದೆ. ಮರೆಯಲ್ಲಿದ್ದ ಯಂತ್ರ ಹೊರಗೆ ಕಾಣುವುದು ಕೆಟ್ಟಾಗಲೇ. ಇನ್ನೊಂದು ತುದಿಯಲ್ಲಿ ಆಸ್ಟ್ರಿಯಾದ ಮನೆಗಳಲ್ಲಿ ಹೆಚ್ಚಾಗಿರುವ ಪೆಲೆಟ್ ಬಾಯ್ಲರ್: ಟ್ಯಾಂಕರ್ ಲಾರಿ ಬಂದು ಪೈಪಿನಲ್ಲಿ ಪೆಲೆಟ್ಟುಗಳನ್ನು ನೆಲಮಾಳಿಗೆಯ ಕೋಣೆಗೆ ಊದಿ ಹೋಗುತ್ತದೆ, ಮುಂದಿನದೆಲ್ಲ ಯಂತ್ರದ್ದು. ಯುರೋಪಿನಲ್ಲಿ ಕೋಣೆ ಒಲೆಗಳ ದೊಡ್ಡ ಮಾರುಕಟ್ಟೆ ಇಟಲಿ. ಅಲ್ಲಿ ಒಲೆ ಪಡಸಾಲೆಯಲ್ಲಿ ನಿಲ್ಲುತ್ತದೆ, ಉರಿ ಕಾಣುತ್ತದೆ. ಇಂಧನ ಎರಡೂ ಕಡೆ ಒಂದೇ. ಬೋರ್ಗ್‌ಮನ್ನರ ಅಳತೆಗೋಲಿನಲ್ಲಿ ಮಾತ್ರ ಇಟಲಿಯದು ಅರ್ಧ ಒಲೆ, ಆಸ್ಟ್ರಿಯಾದ್ದು ಪೂರ್ತಿ ಸಾಧನ. ಸೌದೆಯೋ ಗ್ಯಾಸೋ ಎಂಬುದಕ್ಕಿಂತ ಬೆಂಕಿಯನ್ನು ಮನೆಯ ಯಾವ ಭಾಗದಲ್ಲಿಟ್ಟಿದ್ದಾರೆ ಎಂಬುದೇ ಇಲ್ಲಿ ಹೆಚ್ಚು ಹೇಳುತ್ತದೆ.

ಬೆಂಕಿಗೆ ಮನೆಯಲ್ಲಿ ಜಾಗ ಕೊಡುವುದಷ್ಟೇ ಅಲ್ಲ, ಅದನ್ನು ಕಾಯುವುದೇ ಗೃಹಸ್ಥನ ಲಕ್ಷಣವೆಂದು ಬಗೆದ ಪರಂಪರೆ ವೈದಿಕರದು. ಶ್ರೌತಾಗ್ನಿಗಳನ್ನು ಇಟ್ಟುಕೊಂಡ ಆಹಿತಾಗ್ನಿಯ ಮನೆಯಲ್ಲಿ ಗುಂಡಗಿನ ಕುಂಡದ ಗಾರ್ಹಪತ್ಯ ಮೂಲ. ಚೌಕದ ಆಹವನೀಯಕ್ಕೆ ಬೆಂಕಿ ಹೋಗುವುದು ಅಲ್ಲಿಂದ. ಪತ್ನಿಯ ಸ್ಥಾನ ಗಾರ್ಹಪತ್ಯದ ಬಳಿ. ಬೆಂಕಿ ಆರಿದರೆ ಪ್ರಾಯಶ್ಚಿತ್ತವಿದೆ. ಇಲ್ಲಿ ದುಡಿಮೆ ಬಿಸಿಗಾಗಿ ತೆರುವ ಬೆಲೆಯಲ್ಲ, ಅದೇ ಧರ್ಮ. ತಾನೇ ಹೊತ್ತಿ ತಾನೇ ಆರುವ ಬೆಂಕಿ ಈ ಕ್ರಮಕ್ಕೆ ಒಗ್ಗದು. ಆದರೂ ಬೋರ್ಗ್‌ಮನ್ನರ ಒಲೆಗೂ ಇದಕ್ಕೂ ಅಂತರವಿದೆ. ಆಹಿತಾಗ್ನಿ ಬೆಂಕಿಯನ್ನು ಕಾಯುವುದು ದೇವತೆಗಳಿಗಾಗಿ. ಬೋರ್ಗ್‌ಮನ್ ಸ್ವತಃ ಕ್ಯಾಥೊಲಿಕ್ ಶ್ರದ್ಧೆಯವರಾದರೂ ತಮ್ಮ ಒಲೆಗೆ ದೇವರ ಆಸರೆ ಕೊಡಲಿಲ್ಲ. ಕುಟುಂಬ ಒಟ್ಟಿಗೆ ಕೂರುವುದೇ ಅದರ ಸಾರ್ಥಕ್ಯವೆಂದು ಬಿಟ್ಟರು. ಆ ಕಾರಣಕ್ಕೇ ಅವರ ವಾದ ಬೆಲೆ ಯಾರು ತೆರುತ್ತಾರೆ ಎಂಬ ಪ್ರಶ್ನೆಗೆ ಹೆಚ್ಚು ಒಡ್ಡಿಕೊಂಡಿದೆ.

ಆ ಪ್ರಶ್ನೆಯೇ ಅವರ ವಿರುದ್ಧದ ಗಟ್ಟಿ ಆಕ್ಷೇಪ. ಬೆಳಗಿನ ಚಳಿಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಬೆಂಕಿ ಹೊತ್ತಿಸುವ ತಾಯಿಗೆ ಅದು ಧ್ಯಾನವೋ ಕೂಲಿಯೋ ಎಂಬುದನ್ನು ಅವಳೇ ಹೇಳಬೇಕು. ಊದುಗೊಳವೆ ಹಿಡಿದು ಹೊಗೆ ಕುಡಿದ ಅಡುಗೆಮನೆಗಳನ್ನು ಕಂಡ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರ, ಹೊಗೆ ಹೊರಹೋಗುವಂತೆ, ಸೌದೆ ಕಡಿಮೆ ಬೇಡುವಂತೆ ‘ಅಸ್ತ್ರ ಒಲೆ’ಯನ್ನು ರೂಪಿಸಿತು. ಅಲ್ಲಿ ಒಲೆ ಮಾಯವಾಗಲಿಲ್ಲ, ಹೊಗೆ ಮಾತ್ರ ಚಿಮಣಿ ಹತ್ತಿತು. ಅಮೆರಿಕದ ತತ್ತ್ವಜ್ಞಾನಿ ಆಂಡ್ರ್ಯೂ ಫೀನ್‌ಬರ್ಗ್ 1999ರ ‘ಕ್ವೆಶ್ಚನಿಂಗ್ ಟೆಕ್ನಾಲಜಿ’ಯಲ್ಲಿ ಬೋರ್ಗ್‌ಮನ್ನರ ಮೇಲೆ ಹೊರಿಸಿದ ದೋಷವೂ ಇದೇ ದಿಕ್ಕಿನದು: ತಂತ್ರಜ್ಞಾನಕ್ಕೆ ಒಂದೇ ಮಾರ್ಪಡದ ಸಾರವಿದೆಯೆಂದು ಎಣಿಸಿದರೆ, ವಿನ್ಯಾಸವನ್ನು ಬದಲಿಸಿ ಬೇರೆ ಬಗೆಯ ಬದುಕಿಗೆ ಹೊಂದಿಸಬಹುದೆಂಬುದು ಕಾಣದೆ ಹೋಗುತ್ತದೆ.

ಎರಡನೆಯ ಆಕ್ಷೇಪ ಮಿಸೂಲಾದ್ದೇ. ಆ ಊರು ಬೆಟ್ಟಗಳ ನಡುವಿನ ಕಣಿವೆ. ಚಳಿಗಾಲದಲ್ಲಿ ತಣ್ಣನೆಯ ಗಾಳಿ ಕೆಳಗೂ ಬೆಚ್ಚನೆಯದು ಮೇಲೂ ನಿಂತು, ಮನೆಮನೆಯ ಸೌದೆ ಹೊಗೆ ಹೊರಹೋಗದೆ ಊರಿನ ಮೇಲೆಯೇ ಕೂರುತ್ತಿತ್ತು. 1980ರ ದಶಕದಲ್ಲಿ ಅಲ್ಲಿ ಸೌದೆ ಒಲೆಗಳಿಗೆ ನಿರ್ಬಂಧ ಬಂತು. ಒಲೆಯ ತತ್ತ್ವಜ್ಞಾನಿಯ ಊರೇ ಒಲೆಗೆ ಕಡಿವಾಣ ಹಾಕಬೇಕಾಯಿತು. ಪೆಲೆಟ್ ಒಲೆ ಇಂಥ ಊರುಗಳಲ್ಲಿ ನೆಲೆಯೂರಿದ್ದು ಅದರ ಹೊಗೆ ಕಡಿಮೆ ಎಂಬ ಕಾರಣಕ್ಕೆ. 2020ರಿಂದ ಅಮೆರಿಕದಲ್ಲಿ ಮಾರುವ ಹೊಸ ಪೆಲೆಟ್ ಒಲೆ ಗಂಟೆಗೆ 2 ಗ್ರಾಂಗಿಂತ ಹೆಚ್ಚು ಹೊಗೆಕಣ ಬಿಡುವಂತಿಲ್ಲ. ಸೌದೆ ಒಲೆ ಒಂದು ಕುಟುಂಬವನ್ನು ಒಟ್ಟುಗೂಡಿಸುವುದು ನಿಜವಾದರೂ ನೆರೆಯವನ ಉಬ್ಬಸ ಆ ಲೆಕ್ಕದಲ್ಲಿ ಸೇರಿರಲಿಲ್ಲ. ಯಂತ್ರ ಮರೆಮಾಡುವುದನ್ನು ಖಂಡಿಸಿದ ತತ್ತ್ವ, ವಸ್ತುವೂ ತನ್ನ ಬೆಲೆಯೊಂದನ್ನು ಬೇಲಿಯಾಚೆ ದಾಟಿಸುತ್ತದೆ ಎಂಬುದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ. ಇದು ಆ ವಾದದ ನಿಜವಾದ ಕೊರತೆ.

ಬೋರ್ಗ್‌ಮನ್ ಬಾಯ್ಲರನ್ನು ಕಿತ್ತೆಸೆಯಿರಿ ಎಂದವರಲ್ಲ. ಸಾಧನಗಳು ಹಿನ್ನೆಲೆಯಲ್ಲಿ ದುಡಿಯಲಿ, ಮನೆಯ ನಡುವೆ ಮಾತ್ರ ಕೈಯಿಟ್ಟು ಮಾಡುವ ಒಂದು ಕೆಲಸಕ್ಕೆ ತೆರವಿರಲಿ ಎಂಬುದು ಅವರ ಬೇಡಿಕೆ. ಒಟ್ಟಿಗೆ ಅಡುಗೆ ಮಾಡಿ ಉಣ್ಣುವುದು, ದೂರ ಓಡುವುದು ಅವರು ಕೊಟ್ಟ ಉದಾಹರಣೆಗಳು. ಹೀಗೆ ನೋಡಿದರೆ ಪೆಲೆಟ್ ಒಲೆ ತಾನಾಗಿ ಯಾವ ಪಕ್ಷಕ್ಕೂ ಸೇರುವುದಿಲ್ಲ. ಉರಿಬಟ್ಟಲು ಕೆರೆದು ಗಾಜು ಒರೆಸುವ ಕೆಲಸ ಕಂಪನಿಗಳ ಕೈಪಿಡಿಯಲ್ಲಿ ‘ನಿರ್ವಹಣೆ’ಯ ಪಟ್ಟಿಯಲ್ಲಿದೆ, ಬೋರ್ಗ್‌ಮನ್ನರ ಲೆಕ್ಕದಲ್ಲಿ ಅದೇ ಮನೆಯವರಿಗೂ ಬೆಂಕಿಗೂ ಉಳಿದ ಸಂಬಂಧ. ಬಟ್ಟಲನ್ನು ತಾನೇ ಶುಚಿಮಾಡಿಕೊಂಡು, ಫೋನಿನಿಂದ ಹೊತ್ತಿಸಿಕೊಳ್ಳುವ ಮಾದರಿಗಳು ಆ ಸಂಬಂಧವನ್ನೂ ಬಹುಪಾಲು ತೆಗೆದುಬಿಡುತ್ತವೆ. ಅಲ್ಲಿಗೆ ಅದಕ್ಕೂ ಗ್ಯಾಸ್ ಬಾಯ್ಲರಿಗೂ ಉಳಿಯುವ ವ್ಯತ್ಯಾಸ ಇಂಧನದ್ದು ಮತ್ತು ಗಾಜಿನದ್ದು.