ಸೋತ ಪಕ್ಷವು ಬದಲಿಸಬೇಕಾದುದು ಏನನ್ನು?

ಗೆಲುವು ಮನುಷ್ಯನನ್ನು ಕುರುಡನನ್ನಾಗಿ ಮಾಡುತ್ತದೆಂಬ ಮಾತು ಲೋಕರೂಢಿಯಲ್ಲಿದೆ. ಆದರೆ ಸೋಲು ಕಣ್ಣು ತೆರೆಯಿಸುವುದೆಂಬುದು ತಾನಾಗಿಯೇ ನಡೆಯುವ ಸಂಗತಿಯಲ್ಲ. ಸೋತವನು ಕಣ್ಣು ತೆರೆಯಲು ಒಪ್ಪಿದರೆ ಸೋಲು ಅವನಿಗೆ ಗುರುವಾಗುತ್ತದೆ. ಒಪ್ಪದಿದ್ದರೆ ಹಗೆತನಕ್ಕೆ ಬೀಜವಾಗುತ್ತದೆ. ವ್ಯಕ್ತಿಯ ವಿಷಯದಲ್ಲಿ ನಿಜವಾದ ಈ ಮಾತು ಒಂದು ರಾಜಕೀಯ ಪಕ್ಷದ ವಿಷಯದಲ್ಲಿಯೂ ನಿಜವೆ? ಪಕ್ಷಕ್ಕೆ ಅಂತಃಸಾಕ್ಷಿ ಎಂಬುದೊಂದು ಇದೆಯೆ? ಇದ್ದರೆ ಅದು ಯಾರಲ್ಲಿ ನೆಲೆಸಿದೆ? ಈ ಪ್ರಶ್ನೆಗಳನ್ನು ನಮ್ಮ ಮುಂದೆ ತಂದಿರಿಸಿದವನು ಮಠದ ಒಬ್ಬ ಹಳೆಯ ವಿದ್ಯಾರ್ಥಿ.

ಅವನು ಕಾರವಾರ ತಾಲೂಕಿನ ಹಣಕೋಣದ ಕಡೆಯವನು. ಬಾಲ್ಯದಲ್ಲಿ ಘಟ್ಟ ಹತ್ತಿ ಬಂದು ಮಠದ ಪ್ರಸಾದನಿಲಯದಲ್ಲಿದ್ದು ಓದಿದವನು. ಮನೆಮಾತು ಕೊಂಕಣಿಯಾದರೂ ಇಲ್ಲಿಯ ಪಂಕ್ತಿಯಲ್ಲಿ ಕುಳಿತು ಕಲಿತ ಕನ್ನಡ ಅವನ ನಾಲಿಗೆಯಲ್ಲಿ ಹಾಗೆಯೇ ಉಳಿದಿದೆ. 2023ರ ಮೇ 13ರಂದು ವಿಧಾನಸಭೆಯ ಫಲಿತಾಂಶ ಪ್ರಕಟವಾದ ಕೆಲವು ದಿನಗಳ ಮೇಲೆ ದರ್ಶನಕ್ಕೆ ಬಂದಿದ್ದ. ಮುಖ ಬಾಡಿತ್ತು. "ಅಜ್ಜಾರ, ನಾವು ಸೋತ್ವಿ. ಹದಿನೈದು ವರ್ಷ ಪಕ್ಷಕ್ಕ ದುಡದೀನಿ. ಎಲ್ಲಿ ತಪ್ಪೇತಿ ಅಂತ ನಮ್ಮನ್ನ ಯಾರೂ ಕೇಳವಲ್ರು" ಎಂದ. ಸೋತದ್ದಕ್ಕಿಂತ ಹೆಚ್ಚಾಗಿ, ಯಾರೂ ಕೇಳಲಿಲ್ಲವೆಂಬುದೇ ಅವನನ್ನು ನೋಯಿಸಿತ್ತು. ಅವನ ಪಕ್ಷ ಯಾವುದೆಂಬುದು ಇಲ್ಲಿ ಅಪ್ರಸ್ತುತ. ಯಾವ ಪಕ್ಷದ ಕಾರ್ಯಕರ್ತನಾಗಿದ್ದರೂ ಅವನು ಹೀಗೆಯೇ ಬಂದು ಹೀಗೆಯೇ ನುಡಿಯಬಹುದಾಗಿತ್ತು. ಅಂದು ನಾವು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಅದನ್ನು ಪೂರ್ತಿಗೊಳಿಸುವುದಕ್ಕಾಗಿ ಈ ಬರೆಹ.

ಮೊದಲು ಸೋಲೆಂದರೆ ಏನೆಂಬುದನ್ನು ವಿಚಾರಿಸೋಣ. 2018ರಲ್ಲಿ ಭಾರತೀಯ ಜನತಾ ಪಕ್ಷಕ್ಕೆ ರಾಜ್ಯದಲ್ಲಿ ಶೇಕಡಾ 36ರಷ್ಟು ಮತಗಳು ಬಂದು 104 ಸ್ಥಾನಗಳು ದೊರೆತವು. 2023ರಲ್ಲಿ ಅದೇ ಪಕ್ಷಕ್ಕೆ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದ ಮತಗಳು ಬಂದರೂ ದೊರೆತ ಸ್ಥಾನಗಳು 66 ಮಾತ್ರ. ಕಾಂಗ್ರೆಸ್ ಪಕ್ಷವು 2018ರಲ್ಲಿ ಶೇಕಡಾ 38ರಷ್ಟು, ಅಂದರೆ ಎದುರಾಳಿಗಿಂತ ಹೆಚ್ಚು ಮತಗಳನ್ನು ಪಡೆದೂ 80 ಸ್ಥಾನಗಳಲ್ಲಿ ನಿಂತುಹೋಗಿತ್ತು. 2023ರಲ್ಲಿ ಶೇಕಡಾ 43ರ ಸಮೀಪಕ್ಕೇರಿ 135 ಸ್ಥಾನಗಳನ್ನು ಪಡೆಯಿತು. ಜಾತ್ಯತೀತ ಜನತಾದಳದ ಪಾಲು ಶೇಕಡಾ 18ರಿಂದ 13ಕ್ಕೆ ಇಳಿದು, ಸ್ಥಾನಗಳು 37ರಿಂದ 19ಕ್ಕೆ ಇಳಿದವು. ಆದುದರಿಂದ ಒಂದು ಪಕ್ಷದ ಸೋಲಿನಲ್ಲಿ ಅದರ ಸ್ವಂತ ಪಾಪವೆಷ್ಟು, ಉಳಿದವರ ಮತಗಳು ಒಂದೆಡೆ ಕೂಡಿದ್ದರ ಫಲವೆಷ್ಟು ಎಂಬುದನ್ನು ಬಿಡಿಸಿ ನೋಡದೆ "ಜನ ನಮ್ಮನ್ನು ತಿರಸ್ಕರಿಸಿದರು" ಎಂದು ಅಳುವುದೂ ತಪ್ಪು, "ನಮ್ಮ ಮತ ನಮ್ಮಲ್ಲಿಯೇ ಇದೆ" ಎಂದು ಬೀಗುವುದೂ ತಪ್ಪು.

ಉತ್ತರ ಕನ್ನಡ ಜಿಲ್ಲೆಯನ್ನೇ ನೋಡಿರಿ. ಅಲ್ಲಿಯ ಆರು ಕ್ಷೇತ್ರಗಳಲ್ಲಿ 2018ರಲ್ಲಿ ನಾಲ್ಕು ಭಾಜಪಕ್ಕೆ, ಎರಡು ಕಾಂಗ್ರೆಸ್ಸಿಗೆ ಬಂದವು. 2023ರಲ್ಲಿ ಇದು ತಿರುವುಮುರುವಾಯಿತು. ಒಂದೇ ವರ್ಷದ ಮೇಲೆ, 2024ರ ಲೋಕಸಭಾ ಚುನಾವಣೆಯಲ್ಲಿ, ಉತ್ತರ ಕನ್ನಡ ಕ್ಷೇತ್ರವು ಭಾಜಪವನ್ನು 3 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆಲ್ಲಿಸಿತು. ಕಾರವಾರ–ಅಂಕೋಲಾ ಕ್ಷೇತ್ರವಂತೂ 2008ರಲ್ಲಿ ಕಾಂಗ್ರೆಸ್ಸನ್ನು, 2013ರಲ್ಲಿ ಪಕ್ಷೇತರರನ್ನು, 2018ರಲ್ಲಿ ಭಾಜಪವನ್ನು, 2023ರಲ್ಲಿ ಸುಮಾರು 2 ಸಾವಿರ ಮತಗಳ ಅಂತರದಿಂದ ಮತ್ತೆ ಕಾಂಗ್ರೆಸ್ಸನ್ನು ಆರಿಸಿತು. ಈ ಜನ ಚಂಚಲರೆಂದು ಹೇಳುವವರುಂಟು. ನಮಗೆ ಹಾಗೆ ತೋರುವುದಿಲ್ಲ. ನೌಕಾನೆಲೆಗೆ 1986ರಲ್ಲಿ ಶಿಲಾನ್ಯಾಸವಾಗಿ, 2005ರಲ್ಲಿ ಅದು ಕಾರ್ಯಾರಂಭ ಮಾಡಿತು. ಅದಕ್ಕಾಗಿ ಕಾರವಾರ–ಅಂಕೋಲೆಗಳ 4 ಸಾವಿರದಷ್ಟು ಕುಟುಂಬಗಳು ಮನೆಮಾರು ಬಿಟ್ಟವು. ಅವುಗಳ ಪರಿಹಾರದ ವ್ಯಾಜ್ಯಗಳು ದಶಕಗಳ ಕಾಲ ಎಳೆದವು. ಆ ಅವಧಿಯಲ್ಲಿ ಎಲ್ಲ ಬಣ್ಣದ ಬಾವುಟಗಳೂ ಅಧಿಕಾರ ಕಂಡವು. ಪದೇ ಪದೇ ಬಾಗಿಲು ತಟ್ಟಿಯೂ ಉತ್ತರ ಬಾರದಿದ್ದಾಗ ಮನುಷ್ಯನು ಪಕ್ಕದ ಬಾಗಿಲನ್ನು ತಟ್ಟುತ್ತಾನೆ. ಅದು ಚಾಂಚಲ್ಯವಲ್ಲ, ಹುಡುಕಾಟ.

ಹಾಗಾದರೆ ಬಹುಮತವು ಸತ್ಯದ ತೀರ್ಪೆ? ಅಲ್ಲ. ಇದನ್ನು ಶರಣಧರ್ಮದವರಾದ ನಮಗೆ ಯಾರೂ ಕಲಿಸಬೇಕಾಗಿಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ಲೌಕಿಕ ದೃಷ್ಟಿಯಿಂದ ಶರಣರು ಸೋತರು. ಬಸವಣ್ಣನವರು ಅಧಿಕಾರವನ್ನು ತೊರೆದು ಕೂಡಲಸಂಗಮಕ್ಕೆ ನಡೆದರು. ಚೆನ್ನಬಸವಣ್ಣನವರೊಡನೆ ಹೊರಟ ಶರಣರು ವಚನದ ಕಟ್ಟುಗಳನ್ನು ಕಾಪಾಡಿಕೊಂಡು ಘಟ್ಟದ ಕಾಡುಗಳನ್ನು ಹಾಯ್ದು ಉಳವಿಗೆ ಬಂದರೆಂದು ಪರಂಪರೆ ನಂಬುತ್ತದೆ. ಇಂದು ಆ ಉಳವಿ ಇರುವುದೂ ಅದೇ ಉತ್ತರ ಕನ್ನಡ ಜಿಲ್ಲೆಯಲ್ಲಿಯೇ. ಸೋತವರು ಹೊತ್ತು ತಂದದ್ದು ಸಿಂಹಾಸನದ ಚೂರುಗಳನ್ನಲ್ಲ, ತತ್ತ್ವವನ್ನು. ಸೋತೆವೆಂಬ ಕಾರಣಕ್ಕೆ "ಜಾತಿಭೇದವೂ ಇರಲಿ" ಎಂದು ಅವರು ರಾಜಿಯಾಗಿದ್ದರೆ ಇಂದು ಉಳವಿಯ ಜಾತ್ರೆಗೆ ಬಂಡಿ ಕಟ್ಟಿಕೊಂಡು ಹೋಗಲು ನಮಗೆ ಕಾರಣವೇ ಇರುತ್ತಿರಲಿಲ್ಲ.

ಇಲ್ಲಿ ಒಂದು ವಿವೇಕ ಅವಶ್ಯವಾಗುತ್ತದೆ. ಪಕ್ಷವೆಂಬುದರಲ್ಲಿ ಮೂರು ಪದರಗಳಿವೆ: ತತ್ತ್ವ, ಧೋರಣೆ, ನಡತೆ. ಯಾವುದಕ್ಕಾಗಿ ಪಕ್ಷವು ಹುಟ್ಟಿತೋ ಅದು ತತ್ತ್ವ. ಆ ತತ್ತ್ವವನ್ನು ಇಂದಿನ ಕಾಲದೇಶಗಳಲ್ಲಿ ಸಾಧಿಸಲು ಹಿಡಿದ ಮಾರ್ಗ ಧೋರಣೆ. ಆ ಮಾರ್ಗದಲ್ಲಿ ನಡೆಯುವಾಗ ಜನರೊಡನೆ, ಹಣದೊಡನೆ, ತಮ್ಮ ತಮ್ಮಲ್ಲಿ ವರ್ತಿಸಿದ ರೀತಿ ನಡತೆ. ತತ್ತ್ವವು ಸರಿಯಾಗಿದ್ದರೆ ಸೋತರೂ ಅದನ್ನು ಬಿಡಬಾರದು. ಧೋರಣೆಯನ್ನು ಅನುಭವದ ಒರೆಗಲ್ಲಿಗೆ ಹಚ್ಚಿ ತಿದ್ದಬೇಕು. ನಡತೆಯ ವಿಷಯದಲ್ಲಿ ಪಶ್ಚಾತ್ತಾಪವೇ ಬೇಕು. ಆದರೆ ನಮ್ಮ ಪಕ್ಷಗಳು ಸೋತ ಮರುದಿನ ಮಾಡುವುದೇನು? ಸರಿಯಾಗಿ ಇದರ ವಿಪರೀತವನ್ನು. ತತ್ತ್ವವನ್ನು ಸಂತೆಯ ಸರಕಿನಂತೆ ಬದಲಿಸುತ್ತಾರೆ. ಧೋರಣೆಯನ್ನು ಎದುರಾಳಿಯಿಂದ ಎರವಲು ತರುತ್ತಾರೆ. ನಡತೆಯನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳುತ್ತಾರೆ. ರೋಗವಿದ್ದ ಅಂಗವನ್ನು ಬಿಟ್ಟು ಆರೋಗ್ಯವಾಗಿದ್ದ ಅಂಗಕ್ಕೆ ಶಸ್ತ್ರಚಿಕಿತ್ಸೆ ಮಾಡಿದಂತೆ ಇದು.

ಈ ಮಾತಿಗೆ ನಮ್ಮ ನಾಡಿನ ಇತಿಹಾಸದಲ್ಲಿಯೇ ಉದಾಹರಣೆಯಿದೆ. ಸಿದ್ದಾಪುರ ತಾಲೂಕಿನ ದೊಡ್ಮನೆಯವರಾದ ರಾಮಕೃಷ್ಣ ಹೆಗಡೆಯವರು 1983ರ ಜನವರಿಯಲ್ಲಿ ಮುಖ್ಯಮಂತ್ರಿಗಳಾದರು. 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ, ಇಂದಿರಾ ಗಾಂಧಿಯವರ ಹತ್ಯೆಯ ಅನಂತರದ ಅನುಕಂಪದ ಪ್ರವಾಹದಲ್ಲಿ, ಕರ್ನಾಟಕದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ ಹೋದವು. ಜನತಾಪಕ್ಷಕ್ಕೆ ಉಳಿದವು ನಾಲ್ಕೇ. ವಿಧಾನಸಭೆಯ ಆಯುಷ್ಯ ಇನ್ನೂ ಉಳಿದಿತ್ತು. ಕುರ್ಚಿ ಬಿಡೆಂದು ಕಾನೂನು ಹೇಳಿರಲಿಲ್ಲ. ಆದರೂ ಜನರ ವಿಶ್ವಾಸ ತಮ್ಮ ಮೇಲಿದೆಯೋ ಇಲ್ಲವೋ ಎಂಬುದನ್ನು ಜನರನ್ನೇ ಕೇಳುವುದು ನ್ಯಾಯವೆಂದು ಅವರು ರಾಜೀನಾಮೆಯಿತ್ತು ಹೊಸ ಚುನಾವಣೆಗೆ ಹೋದರು. 1985ರ ಮಾರ್ಚಿನಲ್ಲಿ ಅದೇ ಮತದಾರರು ಜನತಾಪಕ್ಷಕ್ಕೆ 224ರಲ್ಲಿ 139 ಸ್ಥಾನಗಳನ್ನು ಕೊಟ್ಟರು. ಇದರಲ್ಲಿ ರಾಜಕೀಯ ಜಾಣ್ಮೆಯೂ ಇತ್ತೆಂದು ಕೆಲವರು ಹೇಳಬಹುದು; ಇದ್ದಿರಲಿ. ಜಾಣ್ಮೆಯೂ ನ್ಯಾಯವೂ ಒಂದೇ ದಾರಿಯಲ್ಲಿ ನಡೆಯುವುದು ಅಪರೂಪವಾಗಿರುವುದರಿಂದಲೇ ಅದು ನೆನಪಿಗೆ ಯೋಗ್ಯವಾಗಿದೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಲೋಕಾಯುಕ್ತವನ್ನು ತಂದ, ಜಿಲ್ಲಾ ಪರಿಷತ್ತುಗಳಿಗೆ ಅಧಿಕಾರವನ್ನು ಹಂಚಿದ ಆ ಪಕ್ಷದ ತತ್ತ್ವದಲ್ಲಿಯೂ ಧೋರಣೆಯಲ್ಲಿಯೂ ಹೇಳಿಕೊಳ್ಳುವ ದೋಷವಿರಲಿಲ್ಲ. ದೋಷವಿದ್ದದ್ದು ನಡತೆಯಲ್ಲಿ. ದೂರವಾಣಿ ಕದ್ದಾಲಿಕೆಯ ಪ್ರಕರಣದ ಹಿನ್ನೆಲೆಯಲ್ಲಿ 1988ರಲ್ಲಿ ಹೆಗಡೆಯವರು ಪದತ್ಯಾಗ ಮಾಡಿದರು. ನಾಯಕರೊಳಗಿನ ಕಲಹ ಬೀದಿಗೆ ಬಂದಿತು. 1989ರ ಏಪ್ರಿಲಿನಲ್ಲಿ ಬೊಮ್ಮಾಯಿಯವರ ಸರಕಾರ ವಜಾ ಆಯಿತು. ಆ ವಜಾ ಅಸಂವಿಧಾನಿಕವೆಂದು 1994ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು ನಿಜ. ಆದರೆ ಒಳಗಿನ ಬಿರುಕನ್ನು ಯಾವ ನ್ಯಾಯಾಲಯವೂ ಬೆಸೆಯಲಾರದು. 1989ರ ಚುನಾವಣೆಯಲ್ಲಿ ಜನತಾದಳ 24ಕ್ಕೆ ಇಳಿಯಿತು. 1994ರಲ್ಲಿ ಒಗ್ಗೂಡಿ 115ಕ್ಕೆ ಏರಿತು. ಮತ್ತೆ ಒಡೆದು 1999ರಲ್ಲಿ ಎರಡು ಹೋಳುಗಳೂ ಕೂಡಿ 28. ಸೋತಾಗ ಕಲಿತ ಒಕ್ಕಟ್ಟನ್ನು ಗೆದ್ದಾಗ ಮರೆಯುವುದಾದರೆ, ಆ ಪಾಠವು ಆತ್ಮಕ್ಕೆ ಇಳಿದಿರಲಿಲ್ಲ, ಹಸಿವಿಗೆ ಮಾತ್ರ ತಿಳಿದಿತ್ತು ಎನ್ನಬೇಕಾಗುತ್ತದೆ. 1989ರಲ್ಲಿ 178 ಸ್ಥಾನಗಳನ್ನು ಗೆದ್ದ ಕಾಂಗ್ರೆಸ್ಸು, ಒಂದೇ ಅವಧಿಯಲ್ಲಿ ಮೂವರು ಮುಖ್ಯಮಂತ್ರಿಗಳನ್ನು ಕಂಡು, 1994ರಲ್ಲಿ 34ಕ್ಕೆ ಇಳಿದುದೂ ಇದೇ ಪಾಠದ ಇನ್ನೊಂದು ಪ್ರತಿ.

ಧೋರಣೆಯನ್ನು ತಿದ್ದಿಕೊಂಡದ್ದಕ್ಕೆ ಇಂಗ್ಲೆಂಡಿನ ನಿದರ್ಶನವನ್ನು ಕೊಡಬಹುದು. ಮಹಾಯುದ್ಧವನ್ನು ಗೆದ್ದ ಚರ್ಚಿಲ್ಲರ ಪಕ್ಷವನ್ನು 1945ರಲ್ಲಿ ಅಲ್ಲಿಯ ಜನ ಸೋಲಿಸಿದರು. ಜನರು ಕೃತಘ್ನರೆಂದು ಪಕ್ಷವು ಹಟ ಹಿಡಿದು ಕೂಡಲಿಲ್ಲ. ಯುದ್ಧ ಮುಗಿದ ಮೇಲೆ ಜನಕ್ಕೆ ಬೇಕಾದುದು ಮನೆ, ಉದ್ಯೋಗ, ಔಷಧ ಎಂಬುದನ್ನು ಅರಿತು ತನ್ನ ಕೈಗಾರಿಕಾ ಧೋರಣೆಯನ್ನು 1947ರಲ್ಲಿ ಹೊಸದಾಗಿ ಬರೆದುಕೊಂಡಿತು. 1951ರಲ್ಲಿ ಮರಳಿ ಬಂದಾಗ ಎದುರಾಳಿಗಳು ಸ್ಥಾಪಿಸಿದ್ದ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಕೆಡವಲಿಲ್ಲ. ಎದುರಾಳಿಯು ಮಾಡಿದ ಒಳ್ಳೆಯದನ್ನು ಒಳ್ಳೆಯದೆಂದು ಒಪ್ಪುವ ಧೈರ್ಯವೂ ಆತ್ಮನಿರೀಕ್ಷೆಯ ಒಂದು ಭಾಗವೇ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ: "ಪಕ್ಷವೆಂಬುದು ಅಧಿಕಾರ ಹಿಡಿಯುವ ಸಾಧನ. ಅಧಿಕಾರವಿಲ್ಲದೆ ಒಳ್ಳೆಯದನ್ನು ಮಾಡುವುದೆಂತು? ಮೊದಲು ಗೆಲ್ಲೋಣ, ಶುದ್ಧಿಯನ್ನು ಆಮೇಲೆ ನೋಡೋಣ." ಈ ವಾದದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಅಂಕೋಲೆಯ ನೆಲವೇ ಇದಕ್ಕೆ ಉತ್ತರ ಕೊಡುತ್ತದೆ. 1930ರಲ್ಲಿ ಅಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದವರ, ಕರ ನಿರಾಕರಿಸಿ ಹೊಲಮನೆ ಕಳೆದುಕೊಂಡವರ ಕೈಯಲ್ಲಿ ಯಾವ ಅಧಿಕಾರವಿತ್ತು? ಅದೇ ತಾಲೂಕಿನ ದಿನಕರ ದೇಸಾಯಿಯವರು ಲೋಕಸಭೆಗೆ ಆರಿಸಿಹೋದದ್ದು 1967ರಲ್ಲಿ. ಅವರು ಕೆನರಾ ವೆಲ್‌ಫೇರ್ ಟ್ರಸ್ಟನ್ನು ಕಟ್ಟಿ ಜಿಲ್ಲೆಯ ಮಕ್ಕಳಿಗೆ ಶಾಲೆ ತೆರೆಯತೊಡಗಿದ್ದು 1953ರಲ್ಲಿ. ಅಧಿಕಾರವಿಲ್ಲದಾಗ ಕಾಯಕವಿಲ್ಲವೆನ್ನುವವನು ಅಧಿಕಾರ ಬಂದಾಗಲೂ ಕಾಯಕ ಮಾಡನು. ಸೋತ ಪಕ್ಷಕ್ಕೆ ಐದು ವರ್ಷಗಳ ಬಿಡುವು ದೊರೆಯಿತೆಂದು ತಿಳಿಯುವುದು ದೊಡ್ಡ ತಪ್ಪು. ಅದಕ್ಕೆ ವಿರೋಧಪಕ್ಷದ ಕಾಯಕವೆಂಬ ಪೂರ್ಣಾವಧಿಯ ಹೊಣೆ ಬಿದ್ದಿದೆ. ಕುರ್ಚಿಯಿಲ್ಲದಾಗ ಆ ಕಾಯಕವನ್ನು ಮಾಡಿದ ಪಕ್ಷವನ್ನು ಜನರು ಕುರ್ಚಿಗಾಗಿ ನಂಬುತ್ತಾರೆ.

ಇನ್ನು ಆತ್ಮನಿರೀಕ್ಷೆಯನ್ನು ಮಾಡುವವರು ಯಾರು? ರಾಜಧಾನಿಯಲ್ಲಿ ಸತ್ಯಶೋಧನಾ ಸಮಿತಿ ಕೂಡುತ್ತದೆ. ಸೋಲಿಗೆ ಕಾರಣರಾದವರೇ ಅದರ ಸದಸ್ಯರು. ಹಣ, ಜಾತಿ, ಯಂತ್ರ, ಪತ್ರಿಕೆ ಎಂದು ಹೊರಗಿನ ಕಾರಣಗಳ ಪಟ್ಟಿ ತಯಾರಾಗುತ್ತದೆ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಶರಣರಲ್ಲಿ ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಅದನ್ನು ಹಿಂದಕ್ಕೆ ಸುರಿದು ಬಾ ಎಂದವಳು ಅವನ ಸತಿ ಲಕ್ಕಮ್ಮ. ಹೊರಗಿನ ಪಂಡಿತರಾರೂ ಕಾಣದ ಆ ತಪ್ಪನ್ನು ಒಲೆಯ ಮುಂದೆ ಕುಳಿತವಳು ಕಂಡಳು. ಮಾರಯ್ಯನ ಹಿರಿಮೆಯೆಂದರೆ ಅವನು ಆ ಮಾತನ್ನು ಕೇಳಿದನು. ಪಕ್ಷದ ಅಂತಃಸಾಕ್ಷಿ ಎಲ್ಲಿದೆ ಎಂದು ಮೊದಲಿಗೆ ಕೇಳಿದೆವಷ್ಟೆ. ಅದು ಇರುವುದು ಇಂಥ ಲಕ್ಕಮ್ಮಂದಿರಲ್ಲಿ: ಊರಿನಲ್ಲಿ ನಿಂತು ಜನರ ಕಣ್ಣನ್ನು ದಿನವೂ ಎದುರಿಸುವ ಕಾರ್ಯಕರ್ತರಲ್ಲಿ. 2010ರ ಸುಮಾರಿಗೆ ಹಣಕೋಣದಲ್ಲಿ ಉಷ್ಣವಿದ್ಯುತ್ ಸ್ಥಾವರದ ಪ್ರಸ್ತಾವ ಬಂದಾಗ ಊರವರು ಏಕೆ ವಿರೋಧಿಸಿದರೆಂಬುದನ್ನು ತಿಳಿಯಲು ಸಮಿತಿ ಬೇಕಿರಲಿಲ್ಲ. ಅಲ್ಲಿಯ ಒಬ್ಬ ಕಾರ್ಯಕರ್ತನನ್ನು ಕೇಳಿದ್ದರೆ ಸಾಕಿತ್ತು. ಅಂಥವನು ಮಾತಾಡಿದರೆ ದಂಡನೆಯಾಗದೆಂಬ ಭರವಸೆ ಇಲ್ಲದ ಪಕ್ಷಕ್ಕೆ ಅಂತಃಸಾಕ್ಷಿ ಇದ್ದೂ ಇಲ್ಲದಂತೆ.

ಪಕ್ಷಗಳಿಗೆ ಇಷ್ಟು ಹೇಳಿ ಮಠಗಳು ಸುಮ್ಮನಾದರೆ ನಮ್ಮ ಮಾತಿಗೆ ಬೆಲೆಯಿಲ್ಲ. ಹಲವು ವರ್ಷಗಳ ಹಿಂದೆ ಒಂದು ಸಮಾರಂಭದಲ್ಲಿ ನಾವು ಒಬ್ಬ ಅಭ್ಯರ್ಥಿಯನ್ನು ಅಗತ್ಯಕ್ಕಿಂತ ಹೆಚ್ಚು ಹೊಗಳಿದೆವು. ಅವರು ಸೋತರು. ಅಂದು ರಾತ್ರಿ ನಮ್ಮ ಮನಸ್ಸಿನಲ್ಲಿ ಹುಟ್ಟಿದ್ದು ಮತದಾರರ ಮೇಲಿನ ಮುನಿಸು. ಮರುದಿನ ಇಷ್ಟಲಿಂಗಪೂಜೆಗೆ ಕುಳಿತಾಗ ಚಿತ್ತ ನಿಲ್ಲಲಿಲ್ಲ. ಮುನಿಸಿಕೊಳ್ಳಲು ನಾವು ಯಾರು? ಆ ಮತದಾರರಲ್ಲಿ ಅರ್ಧ ಜನ ನಮ್ಮ ಮಠದ ಪ್ರಸಾದವನ್ನೇ ಉಂಡವರು. ಸಮಾಜವನ್ನು ಒಂದು ಗಂಟಾಗಿ ಕಟ್ಟಿ ಒಂದು ಪಕ್ಷದ ತಕ್ಕಡಿಗೆ ಹಾಕಬಹುದೆಂಬ ಭಾವನೆ ಪಕ್ಷಗಳಲ್ಲಿ ಬೆಳೆದಿದ್ದರೆ ಅದಕ್ಕೆ ನೀರೆರೆದವರಲ್ಲಿ ನಾವೂ ಇದ್ದೇವೆ. ಈ ತಪ್ಪನ್ನು ಒಪ್ಪಿಕೊಂಡ ಮೇಲೆಯೇ ಉಳಿದವರಿಗೆ ಆತ್ಮನಿರೀಕ್ಷೆಯನ್ನು ಬೋಧಿಸುವ ಅಧಿಕಾರ ನಮಗೆ ಅಷ್ಟಿಷ್ಟು ಬರುತ್ತದೆ.

ಹಣಕೋಣದ ಸಾತೇರಿ ದೇವಿಯ ಗುಡಿಯ ಬಾಗಿಲು ವರ್ಷದಲ್ಲಿ ಏಳೇ ದಿನ ತೆರೆಯುತ್ತದೆ. ಆ ಏಳು ದಿನ ಜನಸಾಗರ. ಆದರೆ ಉಳಿದ ದಿನಗಳಲ್ಲಿ, ಬಾಗಿಲು ಮುಚ್ಚಿದ್ದಾಗಲೂ, ದೇವಿ ಒಳಗಿಲ್ಲವೆಂದು ಊರವರಾರೂ ತಿಳಿಯುವುದಿಲ್ಲ. ಇದನ್ನು ನಮಗೆ ತಿಳಿಸಿದವನು ಅದೇ ಹಳೆಯ ವಿದ್ಯಾರ್ಥಿ. ಅವನಿಗೆ ಅಂದು ನಾವು ಹೇಳಿದ್ದು ಇಷ್ಟೇ: "ತಮ್ಮಾ, ಮತದಾರನೂ ಹಾಗೆಯೇ. ಐದು ವರ್ಷಕ್ಕೊಮ್ಮೆ ಬಾಗಿಲು ತೆರೆದಾಗ ಮಾತ್ರ ಅವನು ಇದ್ದಾನೆಂದು ತಿಳಿಯಬೇಡ." ಇಂದು ಇಷ್ಟನ್ನು ಸೇರಿಸುತ್ತೇವೆ: ನಿನ್ನನ್ನು ಯಾರೂ ಕೇಳದಿದ್ದರೆ ಕೇಳುವವರೆಗೆ ಕಾಯಬೇಡ; ನಿನ್ನ ಊರಿನಲ್ಲಿ ನಿನಗೆ ಮತ ಹಾಕದ ಹತ್ತು ಮನೆಗಳಿಗೆ ನೀನೇ ಹೋಗು. ಮತ ಕೇಳಬೇಡ, ಏಕೆ ಹಾಕಲಿಲ್ಲವೆಂದೂ ಕೇಳಬೇಡ. ಏನು ಬೇಕಾಗಿದೆ ಎಂದು ಕೇಳು. ನಿನ್ನ ಕೈಲಾದುದನ್ನು ಮಾಡು. ಪಕ್ಷದ ಶುದ್ಧಿ ಅಲ್ಲಿಂದಲೇ ಆರಂಭವಾಗತಕ್ಕದ್ದು. ಮುಂದಿನ ಫಲಿತಾಂಶ ಏನೇ ಬರಲಿ, ಆ ಹತ್ತು ಮನೆಗಳಲ್ಲಿ ನೀನು ಸೋತವನಾಗಿರುವುದಿಲ್ಲ.