ಮಕ್ಕಳಿಗೆ ನಾಳೆಯ ಪಾಠ

"ಮುಂದೆ ಏನಾಗ್ತೀಯಾ?" ಎಂದು ಮಕ್ಕಳನ್ನು ಕೇಳುತ್ತೇವೆ. ಡಾಕ್ಟರ್, ಇಂಜಿನಿಯರ್ ಎಂದರೆ ನಮಗೆ ಸಮಾಧಾನ. ಮಗು ನಮ್ಮ ಆಸೆಯನ್ನೇ ನಮಗೆ ಒಪ್ಪಿಸುತ್ತಿದೆ, ಅಷ್ಟೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮಕ್ಕಳಿಗೆ ಭವಿಷ್ಯದ ಪಾಠ ತೋಟದಲ್ಲೇ ಇದೆ. ಅಡಿಕೆ ಸಸಿ ನೆಟ್ಟವರು ಫಸಲಿಗೆ 5-6 ವರ್ಷ ಕಾಯಬೇಕು. ನೆಡುವುದೇ ನಾಳೆಯ ಬಗ್ಗೆ ಒಂದು ತೀರ್ಮಾನ. ಆದರೆ 1914ರ ಸುಮಾರಿಗೆ ಕೇರಳದಲ್ಲಿ ಕಾಣಿಸಿಕೊಂಡ ಹಳದಿ ಎಲೆ ರೋಗ ಈ ಸೀಮೆಗೂ ಅಂಟಿ ದಶಕಗಳಾದವು. ವಾಸಿ ಮಾಡುವ ಔಷಧ ಇಂದಿಗೂ ಇಲ್ಲ. ಈಚೆಗೆ ಎಲೆಚುಕ್ಕಿ ರೋಗವೂ ಜೊತೆಗೂಡಿದೆ. ಶಾಲೆಯಲ್ಲಿ ಕೇಳಲಿ: ರೋಗ ಹೀಗೇ ಹಬ್ಬಿದರೆ 10 ವರ್ಷದಲ್ಲಿ ನಿಮ್ಮ ಮನೆ ಹೇಗಿರುತ್ತದೆ? ಕಾಫಿ, ಕಾಳುಮೆಣಸು ಕೈಹಿಡಿದರೆ? ರೋಗ ತಡೆಯುವ ತಳಿ ಸಿಕ್ಕರೆ? ಎಲ್ಲರೂ ಬೆಂಗಳೂರಿಗೆ ಹೋದರೆ ಅಜ್ಜಿಯ ಜೊತೆ ಯಾರು? ತೋಟಕ್ಕೆ ಕೂಲಿಗೆ ಬರುವವರ ಮಕ್ಕಳನ್ನೂ ಕೇಳಬೇಕು. ಅವರ ಉತ್ತರ ಬೇರೆಯೇ ಇದ್ದೀತು. ತೋಟದವರ ಮಕ್ಕಳು ಅದನ್ನು ಕೇಳಿಸಿಕೊಳ್ಳಲಿ.

ನಾಳೆಯ ಚಿಂತೆ ಬೇಡವೆಂದು ಯೇಸುಸ್ವಾಮಿಯೇ ಹೇಳಿಲ್ಲವೇ ಎನ್ನುವಿರಾ? ಹೌದು. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವ ಮಾತನ್ನೂ ಲೂಕನ ಶುಭಸಂದೇಶದಲ್ಲಿ ಅವರೇ ಆಡಿದ್ದಾರೆ. ರಾತ್ರಿ ನಿದ್ದೆಗೆಡಿಸುವ ಚಿಂತೆ ಬೇರೆ, ಹಗಲು ಕುಳಿತು ಹಾಕುವ ಲೆಕ್ಕ ಬೇರೆ.

ಕಷ್ಟವಿರುವುದು ದೊಡ್ಡವರಲ್ಲಿ. ನಿಜವಾಗಿ ಯೋಚಿಸಿದ ಮಗ ತೋಟ ಬೇಡವೆನ್ನಬಹುದು. ಪಟ್ಟಣಕ್ಕೆ ಕಳಿಸಬೇಕೆಂದಿದ್ದ ಮಗಳು ಊರಲ್ಲೇ ನಿಂತು ತೋಟ ಮಾಡುತ್ತೇನೆನ್ನಬಹುದು. ಆಗ ಬಾಯಿ ಮುಚ್ಚಿಸದೆ, "ಹೇಗಮ್ಮ, ಹೇಳು ನೋಡೋಣ" ಎಂದು ಪಕ್ಕದಲ್ಲಿ ಕೂರುವ ತಾಳ್ಮೆ ನಮ್ಮಲ್ಲಿ ಎಷ್ಟು ಅಪ್ಪಂದಿರಿಗಿದೆ?